ಓಡುತ್ತಿರುವ ಎಟ್‌ಸಿಡಿ ಕ್ಲಸ್ಟರ್‌ಗೆ ಹೊಸ ನೋಡ್ ಸೇರಿಸುವುದು: ಮೂರರಿಂದ ಐದಕ್ಕೆ, ಸೇವೆ ನಿಲ್ಲದ ಹಾಗೆ

ಎಟ್‌ಸಿಡಿ ಎಂದರೆ ಒಂದೇ ಡೇಟಾವನ್ನು ಹಲವು ಯಂತ್ರಗಳಲ್ಲಿ ಇಡುವ ಡೇಟಾ ಸ್ಟೋರ್. ಪ್ರತಿ ಯಂತ್ರ ಒಂದು ನೋಡ್, ಅವುಗಳ ಗುಂಪು ಕ್ಲಸ್ಟರ್. ಮೂರು ನೋಡ್‌ಗಳ ಎಟ್‌ಸಿಡಿ ಕ್ಲಸ್ಟರ್ ಚೆನ್ನಾಗಿಯೇ ಓಡುತ್ತಿದೆ. ಅದನ್ನು ಐದಕ್ಕೆ ಏರಿಸಬೇಕು. ಕಮಾಂಡ್ ನೋಡಿದರೆ ಒಂದೇ ಸಾಲು, ಎರಡು ನಿಮಿಷದ ಕೆಲಸ ಅನಿಸುತ್ತದೆ. ಆದರೆ ಏನೂ ಕೆಟ್ಟಿರದ ಕ್ಲಸ್ಟರ್ ಪೂರ್ತಿ ನಿಂತುಹೋಗಲು ಆ ಒಂದು ಸಾಲೇ ಸಾಕು.

ಕಾರಣ ಸರಳ. ಹೊಸ ಸದಸ್ಯನ ಹೆಸರು ಪಟ್ಟಿಗೆ ಸೇರಿದ ಕೂಡಲೇ ಕೋರಂ, ಅಂದರೆ ಕೆಲಸ ನಡೆಯಲು ಒಪ್ಪಬೇಕಾದ ನೋಡ್‌ಗಳ ಸಂಖ್ಯೆ, ಬದಲಾಗುತ್ತದೆ. ಆ ಯಂತ್ರ ಆನ್ ಆಗಿದೆಯಾ, ಅದರ ವಿಳಾಸ ಸರಿಯಿದೆಯಾ, ಅದರಲ್ಲಿ ಡೇಟಾ ಇದೆಯಾ ಎಂದು ಲೆಕ್ಕ ಕೇಳುವುದಿಲ್ಲ. ತಲೆ ಎಣಿಕೆ ಮೊದಲು ಏರುತ್ತದೆ, ಬಲ ಬರುವುದು ಆಮೇಲೆ. ಅಪಾಯವೆಲ್ಲ ಇರುವುದು ಇವೆರಡರ ನಡುವಿನ ಹೊತ್ತಿನಲ್ಲಿ. ಈ ಮಾರ್ಗದರ್ಶಿಯ ಪ್ರತಿ ಹಂತವೂ ಆ ಹೊತ್ತನ್ನು ಆದಷ್ಟು ಚಿಕ್ಕದು ಮಾಡುವುದಕ್ಕೇ ಇದೆ.

ಉದಾಹರಣೆಗೆ ಎಟ್‌ಸಿಡಿಯನ್ನೇ ಆರಿಸಿಕೊಂಡಿದ್ದೇನೆ. 2013ರಲ್ಲಿ ಕೋರ್‌ಓಎಸ್ ಕಂಪನಿಯಲ್ಲಿ ಹುಟ್ಟಿದ ಈ ಡೇಟಾ ಸ್ಟೋರ್ ಈಗ, ಕಂಟೇನರ್‌ಗಳನ್ನು ನಡೆಸುವ ಕ್ಯೂಬರ್ನೆಟಿಸ್ ವ್ಯವಸ್ಥೆಯ ತಳದಲ್ಲಿ ಕುಳಿತಿದೆ. ಹಾಗಾಗಿ ಇದರ ಸಹವಾಸ ಬಹಳ ಜನರಿಗೆ ಬೇಡವೆಂದರೂ ಬರುತ್ತದೆ. ಒಳಗಿರುವುದು ರಾಫ್ಟ್. ಸ್ಟ್ಯಾನ್‌ಫರ್ಡ್‌ನ ಡಿಯೇಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ಒಮ್ಮತದ ಅಲ್ಗಾರಿದಮ್ ಅದು. ಕಮಾಂಡ್, ಫ್ಲ್ಯಾಗ್‌ಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅದೇ ಉಚ್ಚಾರದ ಇಂಗ್ಲಿಷ್ ಪದ ಟೈಪ್ ಮಾಡಿದರಾಯಿತು.

ಮೊದಲು ಲೆಕ್ಕ

ರಾಫ್ಟ್‌ನಲ್ಲಿ ಯಾವ ಬರಹವೂ (ಡೇಟಾ ಬದಲಿಸುವ ರೈಟ್) ಬಹುಮತದ ನೋಡ್‌ಗಳ ಡಿಸ್ಕ್ ತಲುಪದೆ ಪಕ್ಕಾ ಆಗುವುದಿಲ್ಲ. ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಜಾಸ್ತಿ ಬೇಕು. 3 ನೋಡ್‌ಗೆ ಕೋರಂ 2, ಒಂದು ಸತ್ತರೂ ನಡೆಯುತ್ತದೆ. 4 ನೋಡ್‌ಗೆ ಕೋರಂ 3, ಆಗಲೂ ಒಂದೇ ಸಾಯಬಹುದು. 5ಕ್ಕೆ ಕೋರಂ 3, ಎರಡು ಸತ್ತರೂ ಪರವಾಗಿಲ್ಲ. 7ಕ್ಕೆ ಕೋರಂ 4, ಮೂರರ ನಷ್ಟ ತಡೆಯುತ್ತದೆ.

ನಾಲ್ಕರ ಸಾಲನ್ನು ಇನ್ನೊಮ್ಮೆ ನೋಡಿ. ಮೂರರಿಂದ ನಾಲ್ಕಕ್ಕೆ ಹೋದರೆ ಒಂದು ಯಂತ್ರದ ಖರ್ಚು ಏರಿತು, ಕೆಡಬಹುದಾದ ಯಂತ್ರ ಒಂದು ಜಾಸ್ತಿಯಾಯಿತು, ತಾಳಿಕೊಳ್ಳುವ ಶಕ್ತಿ ಮಾತ್ರ ಇದ್ದಲ್ಲೇ ಇದೆ. ಅದಕ್ಕೇ ನಾಲ್ಕು ದಾರಿಯಲ್ಲಿ ಸಿಗುವ ನಿಲ್ದಾಣ ಅಷ್ಟೇ, ಅಲ್ಲಿ ಮನೆ ಮಾಡಬಾರದು.

ಈಗ ಅಪಾಯದ ಲೆಕ್ಕ. ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಅರ್ಧಕ್ಕಿಂತ ಜಾಸ್ತಿ ಸದಸ್ಯರು ಬೇಕು ಎಂದಿದ್ದಾಗ, ಇನ್ನೂ ಮನೆಗೇ ಬಾರದವರ ಹೆಸರನ್ನು ರಿಜಿಸ್ಟರ್‌ಗೆ ಸೇರಿಸಿದರೆ ಏನಾಗುತ್ತದೆ? ಬಂದವರ ಸಂಖ್ಯೆ ಅಷ್ಟೇ ಇರುತ್ತದೆ, ಬೇಕಾದವರ ಸಂಖ್ಯೆ ಏರುತ್ತದೆ. ಮೂರರ ಕ್ಲಸ್ಟರ್‌ಗೆ ನಾಲ್ಕನೆಯದನ್ನು ನೇರವಾಗಿ ಮತದಾರನನ್ನಾಗಿ ಸೇರಿಸಿದರೂ ಅದೇ ಕತೆ. ಕೋರಂ 3 ಆಗುತ್ತದೆ, ಕೆಲಸ ಮಾಡುತ್ತಿರುವುದೂ 3. ಆ ಹೊತ್ತಿನಲ್ಲಿ ಹಳೆಯದರಲ್ಲಿ ಒಂದು ರೀಸ್ಟಾರ್ಟ್ ಆದರೂ ಬರಹ ನಿಲ್ಲುತ್ತದೆ. ನಿನ್ನೆಯವರೆಗೆ ಅದೇ ರೀಸ್ಟಾರ್ಟ್ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಒಂದೇ ನೋಡ್‌ನ ಕ್ಲಸ್ಟರ್‌ಗೆ ಎರಡನೆಯದನ್ನು ಸೇರಿಸುವುದು ಇನ್ನೂ ಕೆಟ್ಟದ್ದು. ಕೋರಂ 1 ಇದ್ದದ್ದು ತಕ್ಷಣ 2 ಆಗುತ್ತದೆ. ಹೊಸದರ ವಿಳಾಸವನ್ನು ತಪ್ಪಾಗಿ ಕೊಟ್ಟಿದ್ದರೆ ಅದು ಎಂದೂ ಬರುವುದಿಲ್ಲ. ಅದನ್ನು ತೆಗೆದುಹಾಕೋಣ ಎಂದರೆ ತೆಗೆಯುವುದೂ ಒಂದು ಬರಹವೇ, ಅದಕ್ಕೂ ಕೋರಂ ಬೇಕು. ಒಳಗಿನಿಂದ ಬಿಡಿಸಿಕೊಳ್ಳಲು ದಾರಿಯೇ ಇಲ್ಲ. ಟೆಸ್ಟ್ ಸೆಟಪ್‌ಗಳನ್ನು ಪ್ರೊಡಕ್ಷನ್ ಮಾಡಲು ಹೊರಟವರು ಸಿಕ್ಕಿಬೀಳುವುದು ಇಲ್ಲೇ.

ನಿಜಕ್ಕೂ ಐದು ಬೇಕಾ?

'ಸ್ಲೋ ಆಗಿದೆ, ಎರಡು ನೋಡ್ ಸೇರಿಸೋಣ' ಎಂಬುದು ಕಾರಣವಾಗಿದ್ದರೆ ಇಲ್ಲೇ ನಿಲ್ಲಿ. ಎಲ್ಲ ಬರಹವೂ ಲೀಡರ್ (ನೋಡ್‌ಗಳು ಮತ ಹಾಕಿ ಆರಿಸಿದ ಒಂದು ನೋಡ್) ಮೂಲಕವೇ ಹೋಗುತ್ತದೆ. ನೋಡ್ ಜಾಸ್ತಿಯಾದಷ್ಟೂ ಲೀಡರ್ ಕಳಿಸಬೇಕಾದ ಪ್ರತಿಗಳು ಜಾಸ್ತಿ, ಕಾಯಬೇಕಾದ ಒಪ್ಪಿಗೆಗಳೂ ಜಾಸ್ತಿ. ಬರಹದ ವೇಗ ಏರುವುದಿಲ್ಲ, ಇಳಿದರೂ ಇಳಿಯಬಹುದು. ಸ್ಲೋ ಆಗಿರುವುದಕ್ಕೆ ಮದ್ದು ಒಳ್ಳೆಯ ಡಿಸ್ಕ್, ಇನ್ನೊಂದು ನೋಡ್ ಅಲ್ಲ.

ಒಂದು ನೋಡ್ ಮೇಂಟೆನೆನ್ಸ್‌ನಲ್ಲಿರುವಾಗ ಇನ್ನೊಂದು ಸತ್ತರೂ ಕೆಲಸ ನಡೆಯಬೇಕು ಎಂಬುದು ಐದಕ್ಕೆ ಹೋಗಲು ಒಳ್ಳೆಯ ಕಾರಣ. ಏಳನ್ನು ಮೀರುವುದಕ್ಕೆ ಎಟ್‌ಸಿಡಿ ತಂಡವೇ ಸಲಹೆ ಕೊಡುವುದಿಲ್ಲ.

ಹೊಸ ಎರಡನ್ನು ಎಲ್ಲಿ ಇಡುತ್ತೀರಿ ಎಂಬುದೂ ಈಗಲೇ ತೀರ್ಮಾನವಾಗಲಿ. ಐದನ್ನು ಎರಡು ಡೇಟಾ ಸೆಂಟರ್‌ಗೆ 3 ಮತ್ತು 2 ಎಂದು ಹಂಚಿದರೆ, ಮೂರಿರುವ ಕಡೆ ಕರೆಂಟ್ ಹೋದರೆ ಎಲ್ಲವೂ ಹೋಯಿತು. ಎರಡು ಜಾಗದಲ್ಲಿ ಹೇಗೆ ಹಂಚಿದರೂ ಈ ಸಮಸ್ಯೆ ತಪ್ಪುವುದಿಲ್ಲ. ಮೂರು ಜಾಗ ಬೇಕು: 2, 2, 1. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಮುಂಬೈ ರೀಜನ್‌ನಲ್ಲಿ ಮೂರು ಝೋನ್‌ಗಳಿವೆ (ಬೇರೆಬೇರೆ ಡೇಟಾ ಸೆಂಟರ್ ಜಾಗಗಳು), ಅಲ್ಲೇ ಹೀಗೆ ಹಂಚಬಹುದು. 'ಎರಡನ್ನು ಹೈದರಾಬಾದ್ ರೀಜನ್‌ಗೆ ಹಾಕಿದರೆ ಇನ್ನೂ ಭದ್ರ' ಅನ್ನುವವರು ಸಿಗುತ್ತಾರೆ. ಆದರೆ ದೂರಕ್ಕೆ ಬೆಲೆಯಿದೆ. 'ನಾನು ಬದುಕಿದ್ದೇನೆ' ಎಂದು ಲೀಡರ್ ಕಳಿಸುವ ಹಾರ್ಟ್‌ಬೀಟ್‌ನ ಡೀಫಾಲ್ಟ್ 100 ಮಿಲಿಸೆಕೆಂಡ್. ಅದು ಬಾರದಿದ್ದರೆ ಹೊಸ ಲೀಡರ್ ಆರಿಸಲು ಹೊರಡುವ ಮುಂಚೆ ಉಳಿದವು ಕಾಯುವ ಎಲೆಕ್ಷನ್ ಟೈಮ್‌ಔಟ್ 1000. ಎಲೆಕ್ಷನ್ ಟೈಮ್‌ಔಟ್ ನೋಡ್‌ಗಳ ನಡುವಿನ ಹೋಗಿಬರುವ ಸಮಯದ ಹತ್ತು ಪಟ್ಟಾದರೂ ಇರಬೇಕು. ದೂರ ಹಾಕುವುದೇ ಆದರೆ ಆ ಸಮಯವನ್ನು ಮೊದಲು ಅಳೆಯಿರಿ. ಬದಲಾಯಿಸಬೇಕಾದರೆ ಎಲ್ಲ ನೋಡ್‌ಗಳಲ್ಲೂ ಒಂದೇ ಮೌಲ್ಯ ಇಡಿ.

ಒಂದೇ ಸಲಕ್ಕೆ ಎರಡು ಏಕೆ ಬೇಡ

ಎ, ಬಿ, ಸಿ ಎಂಬ ಮೂರು ಹಳೆಯವು, ಡಿ, ಇ ಎಂಬ ಎರಡು ಹೊಸವು ಎಂದುಕೊಳ್ಳಿ. ಪಟ್ಟಿ ಬದಲಾದ ಸುದ್ದಿ ಎಲ್ಲರಿಗೂ ಒಂದೇ ಕ್ಷಣಕ್ಕೆ ತಲುಪುವುದಿಲ್ಲ. ಎ ಮತ್ತು ಬಿ ಇನ್ನೂ ಹಳೆಯ ಪಟ್ಟಿಯಲ್ಲೇ ಇವೆ. ಅವುಗಳ ಲೆಕ್ಕದಲ್ಲಿ ಮೂರಕ್ಕೆ ಎರಡು ಬಹುಮತ, ಒಬ್ಬ ಲೀಡರ್‌ನನ್ನು ಆರಿಸಬಹುದು. ಸಿ, ಡಿ, ಇ ಹೊಸ ಪಟ್ಟಿಯಲ್ಲಿವೆ. ಐದಕ್ಕೆ ಮೂರು ಬಹುಮತ, ಅವೂ ಒಬ್ಬ ಲೀಡರ್‌ನನ್ನು ಆರಿಸಬಹುದು. ಒಂದೇ ಟರ್ಮ್‌ನಲ್ಲಿ (ಪ್ರತಿ ಎಲೆಕ್ಷನ್‌ಗೂ ಏರುವ ಅವಧಿಯ ಸಂಖ್ಯೆ) ಇಬ್ಬರು ಲೀಡರ್‌ಗಳು! ಡೇಟಾ ಎರಡು ದಾರಿ ಹಿಡಿಯುತ್ತದೆ.

ಒಂದೇ ನೋಡ್ ಸೇರಿಸಿದಾಗ ಇದು ಆಗದು. ಮೂರರ ಬಹುಮತ ಎರಡು, ನಾಲ್ಕರ ಬಹುಮತ ಮೂರು. ಎರಡೂ ಗುಂಪಿನಲ್ಲಿ ಒಬ್ಬನಾದರೂ ಸಾಮಾನ್ಯ ಸದಸ್ಯ ಇದ್ದೇ ಇರುತ್ತಾನೆ, ಅವನು ಎರಡು ಕಡೆ ಮತ ಹಾಕುವುದಿಲ್ಲ. ಮೂಲ ರಾಫ್ಟ್ ಲೇಖನದಲ್ಲಿ ಹಲವು ನೋಡ್‌ಗಳನ್ನು ಒಟ್ಟಿಗೆ ಬದಲಿಸುವ ಜಾಯಿಂಟ್ ಕನ್ಸೆನ್ಸಸ್ ಎಂಬ ಎರಡು ಹಂತದ ವಿಧಾನವಿದೆ. ಒಂದೊಂದಾಗಿ ಬದಲಿಸುವ ಸರಳ ವಿಧಾನವನ್ನು ಒಂಗಾರೊ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಸೇರಿಸಿದರು. ಆ ಸರಳ ವಿಧಾನದಲ್ಲೂ ಒಂದು ತೂತಿತ್ತು. ಬದಲಾವಣೆಯ ನಡುವೆ ಲೀಡರ್ ಬದಲಾದರೆ ಸುರಕ್ಷತೆ ಮುರಿಯಬಹುದಿತ್ತು. ಅದನ್ನು ಒಂಗಾರೊ ಅವರೇ 2015ರಲ್ಲಿ ಬಹಿರಂಗವಾಗಿ ತಿಳಿಸಿ ಪರಿಹಾರವನ್ನೂ ಕೊಟ್ಟರು: ಹೊಸ ಲೀಡರ್ ತನ್ನ ಟರ್ಮ್‌ನಲ್ಲಿ ಒಂದು ಎಂಟ್ರಿಯನ್ನಾದರೂ (ಲಾಗ್‌ನ ಒಂದು ಬರಹ) ಕಮಿಟ್ ಅಂದರೆ ಪಕ್ಕಾ ಮಾಡಿದ ಮೇಲೆಯೇ ಸದಸ್ಯರ ಪಟ್ಟಿಗೆ ಕೈ ಹಾಕಬೇಕು. ಅಲ್ಗಾರಿದಮ್ ಬರೆದವರಿಗೇ ಕಣ್ತಪ್ಪಿದ ಜಾಗ ಇದು. ಸ್ವಂತ ರಾಫ್ಟ್ ಬರೆಯುವ ಹುಮ್ಮಸ್ಸಿನಲ್ಲಿರುವವರು ಸ್ವಲ್ಪ ಯೋಚಿಸುವುದು ಒಳ್ಳೆಯದು, ಅಲ್ವಾ?

ಹಂತ 1: ಈಗಿರುವ ಮೂರೂ ಗಟ್ಟಿಯಾಗಿವೆಯಾ ನೋಡಿ

'ಎಟ್‌ಸಿಡಿಸಿಟಿಎಲ್ ಎಂಡ್‌ಪಾಯಿಂಟ್ ಹೆಲ್ತ್' ಕಮಾಂಡ್‌ಗೆ 'ಕ್ಲಸ್ಟರ್' ಫ್ಲ್ಯಾಗ್ ಕೊಟ್ಟು ಓಡಿಸಿ. ಮೂರೂ ಹೆಲ್ದಿ ಎನ್ನಬೇಕು. ಆಮೇಲೆ 'ಎಂಡ್‌ಪಾಯಿಂಟ್ ಸ್ಟೇಟಸ್' ಅನ್ನು ಟೇಬಲ್ ರೂಪದಲ್ಲಿ ತೆಗೆಯಿರಿ. ಅದರಲ್ಲಿ ನಾಲ್ಕು ಕಾಲಂ ಮುಖ್ಯ. ವರ್ಷನ್ ಮೂರರಲ್ಲೂ ಒಂದೇ ಇರಬೇಕು. ಲೀಡರ್ ಒಂದೇ ಇರಬೇಕು, ರಾಫ್ಟ್ ಟರ್ಮ್ ಎಲ್ಲದರಲ್ಲೂ ಸಮ ಇರಬೇಕು. ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಟರ್ಮ್ ಏರಿದ್ದರೆ ಒಳಗೆ ಎಲೆಕ್ಷನ್ ನಡೆಯುತ್ತಿದೆ ಎಂದರ್ಥ. ಹಾಗಿದ್ದರೆ ಇವತ್ತು ನೋಡ್ ಸೇರಿಸುವ ದಿನವಲ್ಲ, ಕಾರಣ ಹುಡುಕುವ ದಿನ. ಎರರ್ ಕಾಲಂ ಖಾಲಿ ಇರಬೇಕು. ಅಲ್ಲಿ 'ನೋಸ್ಪೇಸ್' ಅಲಾರಂ ಇದ್ದರೆ ಡಿಬಿ ತುಂಬಿದೆ. ಡೀಫಾಲ್ಟ್ ಮಿತಿ 2 ಜಿಬಿ, ಸಾಮಾನ್ಯ ಬಳಕೆಗೆ ಹೇಳುವ ಗರಿಷ್ಠ 8 ಜಿಬಿ.

ವರ್ಷನ್ ವಿಷಯದಲ್ಲಿ ಇನ್ನೊಂದು ಮಾತು. 3.5.0ದಿಂದ 3.5.2ರವರೆಗಿನ ಆವೃತ್ತಿಗಳಲ್ಲಿ ನೋಡ್‌ಗಳ ಡೇಟಾ ಒಂದಕ್ಕೊಂದು ತಾಳೆಯಾಗದೆ ಹೋಗುವ ದೋಷವಿತ್ತು. 2022ರ ಮಾರ್ಚ್‌ನಲ್ಲಿ ಎಟ್‌ಸಿಡಿ ತಂಡ ಅವನ್ನು ಪ್ರೊಡಕ್ಷನ್‌ನಲ್ಲಿ ಬಳಸಬೇಡಿ ಎಂದೇ ಹೇಳಿತು. ನಿಮ್ಮದು ಅವುಗಳಲ್ಲಿ ಒಂದಾಗಿದ್ದರೆ ಅಪ್‌ಗ್ರೇಡ್ ಮೊದಲು, ನೋಡ್ ಆಮೇಲೆ. ಎರಡನ್ನೂ ಒಂದೇ ಕೆಲಸದಲ್ಲಿ ಬೆರೆಸಬೇಡಿ. ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

ಡಿಸ್ಕ್ ಕಡೆಗೂ ಒಮ್ಮೆ ಕಣ್ಣಾಡಿಸಿ. ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ಟೂಲ್ ಇದ್ದರೆ ವಾಲ್ ಎಫ್‌ಸಿಂಕ್ ಮೆಟ್ರಿಕ್‌ನ (ಲಾಗ್ ಅನ್ನು ಡಿಸ್ಕ್‌ಗೆ ಇಳಿಸುವ ಸಮಯ) 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ಸಲದ ಸಮಯ, 10 ಮಿಲಿಸೆಕೆಂಡ್‌ಗಿಂತ ಕಡಿಮೆ, ಬ್ಯಾಕೆಂಡ್ ಕಮಿಟ್‌ನದ್ದು (ಡಿಬಿ ಫೈಲ್‌ಗೆ ಬರೆಯುವ ಸಮಯ) 25ಕ್ಕಿಂತ ಕಡಿಮೆ ಇರಬೇಕು. ಈಗಲೇ ಮಿತಿ ಮುಟ್ಟಿದ್ದರೆ, ಹೊಸ ನೋಡ್‌ಗೆ ಡೇಟಾ ಕಳಿಸುವ ಹೆಚ್ಚಿನ ಹೊರೆಯನ್ನು ಲೀಡರ್ ಹೊರುವುದು ಕಷ್ಟ.

ಡಿಬಿಯಲ್ಲಿ ಹಳೆಯ ಕಸ ಜಾಸ್ತಿ ಇದ್ದರೆ ಕಂಪ್ಯಾಕ್ಟ್ ಮಾಡಿ (ಹಳೆಯ ಆವೃತ್ತಿಗಳನ್ನು ಅಳಿಸುವುದು), ಆಮೇಲೆ ಡಿಫ್ರ್ಯಾಗ್ ಮಾಡಿ (ಖಾಲಿಯಾದ ಜಾಗ ಬಿಡಿಸಿಕೊಳ್ಳುವುದು). ಹೊಸಬನಿಗೆ ಕಳಿಸಬೇಕಾದ ಫೈಲ್ ಅಷ್ಟು ಚಿಕ್ಕದಾಗುತ್ತದೆ. ಡಿಫ್ರ್ಯಾಗ್ ಆಗುವಾಗ ಆ ನೋಡ್ ಉತ್ತರ ಕೊಡುವುದಿಲ್ಲ. ಆದ್ದರಿಂದ ಒಂದೊಂದಾಗಿ ಮಾಡಿ, ಲೀಡರ್‌ನದ್ದು ಕೊನೆಗೆ.

ಹಂತ 2: ಬ್ಯಾಕಪ್

'ಎಟ್‌ಸಿಡಿಸಿಟಿಎಲ್ ಸ್ನ್ಯಾಪ್‌ಶಾಟ್ ಸೇವ್' ಓಡಿಸಿ, ಬಂದ ಫೈಲನ್ನು ಕ್ಲಸ್ಟರ್‌ನ ಹೊರಗೆ ಇಡಿ. 'ಎಟ್‌ಸಿಡಿಯುಟಿಎಲ್ ಸ್ನ್ಯಾಪ್‌ಶಾಟ್ ಸ್ಟೇಟಸ್' ಕೊಟ್ಟು ಫೈಲ್ ಓದಲು ಬರುತ್ತದೆಯಾ ನೋಡಿ. ರಿಸ್ಟೋರ್ ಮಾಡಿಯೇ ನೋಡಿರದ ಬ್ಯಾಕಪ್ ಮೇಲೆ ಭರವಸೆ ಇಡಬೇಡಿ. ಲ್ಯಾಪ್‌ಟಾಪ್‌ನಲ್ಲಾದರೂ ಒಮ್ಮೆ ರಿಸ್ಟೋರ್ ಮಾಡಿ.

ಹಂತ 3: ಹೊಸ ಯಂತ್ರ ಸಿದ್ಧ ಮಾಡಿ, ಆದರೆ ಎಟ್‌ಸಿಡಿ ಶುರು ಮಾಡಬೇಡಿ

ಇಲ್ಲಿ ತಾಳ್ಮೆ ಬೇಕು. ಮೆಂಬರ್ ಆ್ಯಡ್ ಕೊಟ್ಟ ಮೇಲೆ 'ಅಯ್ಯೋ, ಫೈರ್‌ವಾಲ್ ತೆರೆದಿಲ್ಲ' ಎಂದು ಟಿಕೆಟ್ ಹಾಕಿ ಕೂರುವ ಹಾಗಿರಬಾರದು.

ಹಳೆಯ ನೋಡ್‌ಗಳಲ್ಲಿರುವ ಅದೇ ಆವೃತ್ತಿಯ ಬೈನರಿ ಹಾಕಿ. ಪ್ಯಾಚ್ ಸಂಖ್ಯೆಯೂ ಅದೇ ಇರಲಿ. ಪೋರ್ಟ್ 2380 ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡಲು, 2379 ಕ್ಲೈಂಟ್‌ಗಳಿಗೆ. 2380 ಎರಡೂ ದಿಕ್ಕಿನಲ್ಲಿ ತೆರೆದಿರಬೇಕು. ಹೊಸದರಿಂದ ಹಳೆಯ ಮೂರಕ್ಕೂ, ಹಳೆಯ ಪ್ರತಿಯೊಂದರಿಂದ ಹೊಸದಕ್ಕೂ ಪರೀಕ್ಷಿಸಿ. ಒಂದು ದಿಕ್ಕು ಮಾತ್ರ ನೋಡಿ ಬಿಡುವುದು ಮಾಮೂಲಿ, ತೊಂದರೆ ಇನ್ನೊಂದು ದಿಕ್ಕಿನಲ್ಲೇ ಇರುತ್ತದೆ.

ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಇದ್ದರೆ ಸರ್ಟಿಫಿಕೇಟ್ ಅದೇ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಸಹಿ ಮಾಡಿದ್ದಾಗಿರಬೇಕು. ಅದರಲ್ಲಿ ಹೊಸ ಯಂತ್ರದ ಐಪಿ ಮತ್ತು ಹೋಸ್ಟ್‌ನೇಮ್ ಎರಡೂ ಇರಬೇಕು. ಪೀರ್ ಸರ್ಟಿಫಿಕೇಟ್ ಸರ್ವರ್ ಆಗಿಯೂ ಕ್ಲೈಂಟ್ ಆಗಿಯೂ ಬಳಕೆಯಾಗುವುದರಿಂದ ಎರಡೂ ಬಳಕೆಗೆ ಅನುಮತಿ ಇರಲಿ. ಗಡಿಯಾರ ಸರಿಯಿದೆಯಾ ನೋಡಿ. ರಾಫ್ಟ್ ಗಡಿಯಾರವನ್ನು ನಂಬಿ ನಡೆಯುವುದಿಲ್ಲ, ಆದರೆ ಸರ್ಟಿಫಿಕೇಟ್ ನಂಬುತ್ತದೆ.

ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ, ಬೇರೆ ಸೇವೆಗಳ ಜೊತೆ ಹಂಚಿಕೊಂಡದ್ದು ಬೇಡ. ಫಿಯೋ ಎಂಬ ಡಿಸ್ಕ್ ಪರೀಕ್ಷೆಯ ಟೂಲ್‌ನಲ್ಲಿ ಪ್ರತಿ ಬರಹಕ್ಕೂ ಎಫ್‌ಡೇಟಾಸಿಂಕ್ (ಡೇಟಾ ಡಿಸ್ಕ್‌ಗೆ ಇಳಿಯುವುದು) ಆಗುವಂತೆ, ಸುಮಾರು 2300 ಬೈಟ್‌ನ ಬ್ಲಾಕ್‌ಗಳಲ್ಲಿ ಪರೀಕ್ಷೆ ಮಾಡಿದರೆ ಎಟ್‌ಸಿಡಿಯ ಬರಹಕ್ಕೆ ಹತ್ತಿರದ ಚಿತ್ರ ಸಿಗುತ್ತದೆ. ಅಲ್ಲೂ 99ನೇ ಪರ್ಸೆಂಟೈಲ್ 10 ಮಿಲಿಸೆಕೆಂಡ್ ಒಳಗೆ ಬರಬೇಕು.

ಡೇಟಾ ಡೈರೆಕ್ಟರಿ ಪೂರ್ತಿ ಖಾಲಿ ಇರಬೇಕು. ಹಳೆಯ ನೋಡ್‌ನಿಂದ ಫೈಲ್ ಕಾಪಿ ಮಾಡಿದರೆ ಬೇಗ ಆಗುತ್ತದೆ ಎಂಬ ಜಾಣತನ ಬೇಡ. ಆ ಫೈಲ್‌ಗಳಲ್ಲಿ ಹಳೆಯ ನೋಡ್‌ನ ಗುರುತೂ ಇರುತ್ತದೆ. ಒಂದೇ ಗುರುತಿನಲ್ಲಿ ಇಬ್ಬರು ಮತ ಹಾಕಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಡಿಬಿ ಮಿತಿಯ ಫ್ಲ್ಯಾಗ್ ಹಳೆಯವುಗಳಲ್ಲಿ ಎಷ್ಟಿದೆಯೋ ಅಷ್ಟೇ ಇಡಿ. ಹೊಸದರಲ್ಲಿ ಕಡಿಮೆ ಇದ್ದರೆ ಅದೊಂದು ಮೊದಲು ತುಂಬಿ ಅಲಾರಂ ಎಬ್ಬಿಸುತ್ತದೆ. ಆ ಅಲಾರಂ ಇಡೀ ಕ್ಲಸ್ಟರ್‌ನ ಬರಹ ನಿಲ್ಲಿಸುತ್ತದೆ.

ಹಂತ 4: ಲರ್ನರ್ ಆಗಿ ಹೆಸರು ಸೇರಿಸಿ

2019ರಲ್ಲಿ ಬಂದ 3.4 ಆವೃತ್ತಿಯಿಂದ ಎಟ್‌ಸಿಡಿಯಲ್ಲಿ ಲರ್ನರ್ ಎಂಬ ವ್ಯವಸ್ಥೆ ಇದೆ. ಲರ್ನರ್‌ಗೆ ಲಾಗ್ (ಬರಹಗಳ ಕ್ರಮವಾದ ದಾಖಲೆ) ಪೂರ್ತಿ ಸಿಗುತ್ತದೆ, ಮತ ಮಾತ್ರ ಇಲ್ಲ. ಕೋರಂ ಲೆಕ್ಕಕ್ಕೆ ಅದು ಬರುವುದಿಲ್ಲ. ಅಂದರೆ ಹೆಸರು ಸೇರಿಸುವುದಕ್ಕೂ ತಲೆ ಎಣಿಕೆ ಏರುವುದಕ್ಕೂ ಇದ್ದ ನಂಟೇ ಕಡಿದುಹೋಯಿತು. ಹೊಸ ಯಂತ್ರ ಬಾರದಿದ್ದರೂ, ವಿಳಾಸ ತಪ್ಪಿದ್ದರೂ, ಹಳೆಯ ಮೂರು ತಮ್ಮ ಪಾಡಿಗೆ ನಡೆಯುತ್ತವೆ. ಇದಿದ್ದೂ ನೇರವಾಗಿ ಮತದಾರನನ್ನು ಸೇರಿಸಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಹಳೆಯ ನೋಡ್‌ಗಳ ವಿಳಾಸವನ್ನೇ ಎಂಡ್‌ಪಾಯಿಂಟ್ಸ್ ಆಗಿ ಕೊಟ್ಟು 'ಎಟ್‌ಸಿಡಿಸಿಟಿಎಲ್ ಮೆಂಬರ್ ಆ್ಯಡ್' ಓಡಿಸಿ. ಜೊತೆಗೆ ಹೊಸ ನೋಡ್‌ನ ಹೆಸರು, 'ಪೀರ್ ಯುಆರ್‌ಎಲ್ಸ್' ಫ್ಲ್ಯಾಗ್‌ನಲ್ಲಿ 2380 ಪೋರ್ಟ್ ಸಮೇತ ಅದರ ವಿಳಾಸ, ಕೊನೆಗೆ 'ಲರ್ನರ್' ಫ್ಲ್ಯಾಗ್. ಎಂಟರ್ ಒತ್ತುವ ಮುಂಚೆ ಎರಡು ವಿಷಯ ನೋಡಿ: ಲರ್ನರ್ ಫ್ಲ್ಯಾಗ್ ಇದೆಯಾ, ವಿಳಾಸದ ಮುಂದಿರುವುದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ.

ಕಮಾಂಡ್ ಗೆದ್ದರೆ ಹೊಸ ಸದಸ್ಯನ ಐಡಿ ಬರುತ್ತದೆ. ಕೆಳಗೆ ಹೆಸರು, 'ಇನಿಶಿಯಲ್ ಕ್ಲಸ್ಟರ್' ಪಟ್ಟಿ, 'ಇನಿಶಿಯಲ್ ಕ್ಲಸ್ಟರ್ ಸ್ಟೇಟ್' ಮೌಲ್ಯಗಳೂ ಬರುತ್ತವೆ. ಎಲ್ಲವನ್ನೂ ಎತ್ತಿಟ್ಟುಕೊಳ್ಳಿ. 'ಮೆಂಬರ್ ಲಿಸ್ಟ್' ನೋಡಿದರೆ ಹೊಸದು 'ಅನ್‌ಸ್ಟಾರ್ಟೆಡ್' ಎಂದು, ಹೆಸರಿಲ್ಲದೆ ಕಾಣುತ್ತದೆ. ಗಾಬರಿ ಬೇಡ, ಅದು ಹಾಗೇ.

'ಅನ್‌ಹೆಲ್ದಿ ಕ್ಲಸ್ಟರ್' ಎಂಬ ಎರರ್ ಬಂದರೆ ಹಳೆಯ ಮತದಾರರಲ್ಲಿ ಯಾವುದೋ ಒಂದರ ಸಂಪರ್ಕ ಗಟ್ಟಿಯಾಗಿಲ್ಲ. 'ಸ್ಟ್ರಿಕ್ಟ್ ರೀಕಾನ್ಫಿಗ್ ಚೆಕ್' ಎಂಬ ಕಾವಲು ಡೀಫಾಲ್ಟ್ ಆಗಿಯೇ ಆನ್ ಇರುತ್ತದೆ, ಈ ಎರರ್ ಅದರ ಕೆಲಸ. ಅದನ್ನು ಆಫ್ ಮಾಡಿ ಮುಂದೆ ಹೋಗಿ ಎನ್ನುವ ಸಲಹೆ ಎಲ್ಲಾದರೂ ಸಿಕ್ಕರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಂತ 5: ಹೊಸ ನೋಡ್ ಶುರು ಮಾಡಿ

ಎತ್ತಿಟ್ಟ ಮೌಲ್ಯಗಳನ್ನು ಹೊಸ ನೋಡ್‌ನ ಕಾನ್ಫಿಗ್‌ಗೆ ಹಾಕಿ ಶುರು ಮಾಡಿ. ಎಡವುವುದು ಹೆಚ್ಚಾಗಿ ಎರಡೇ ಕಡೆ.

'ಇನಿಶಿಯಲ್ ಕ್ಲಸ್ಟರ್ ಸ್ಟೇಟ್' ಮೌಲ್ಯ 'ಎಕ್ಸಿಸ್ಟಿಂಗ್' ಆಗಿರಬೇಕು. 'ನ್ಯೂ' ಎಂದಿದ್ದರೆ ನೋಡ್ ತಾನು ಹೊಸ ಕ್ಲಸ್ಟರ್ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತದೆ, ಆಮೇಲೆ ಲಾಗ್ ತುಂಬ 'ಕ್ಲಸ್ಟರ್ ಐಡಿ ಮಿಸ್‌ಮ್ಯಾಚ್' ಸುರಿಯಬಹುದು. ಅನ್ಸಿಬಲ್ ಅಥವಾ ಟೆರಾಫಾರ್ಮ್‌ನಂಥ ಆಟೊಮೇಷನ್ ಟೂಲ್‌ಗಳ ಟೆಂಪ್ಲೇಟ್‌ನಿಂದ ಯಂತ್ರ ಕಟ್ಟುವವರು ಇದನ್ನು ವಿಶೇಷವಾಗಿ ನೋಡಿ. ಮೊದಲ ದಿನ ಬರೆದ ಟೆಂಪ್ಲೇಟ್‌ನಲ್ಲಿ 'ನ್ಯೂ' ಎಂದೇ ಇರುತ್ತದೆ.

'ಇನಿಶಿಯಲ್ ಕ್ಲಸ್ಟರ್' ಪಟ್ಟಿಯಲ್ಲಿ ಈಗಿನ ಸದಸ್ಯರು ಮತ್ತು ಈ ಹೊಸಬ ಇಷ್ಟೇ ಇರಬೇಕು. ಹೇಗಿದ್ದರೂ ನಾಳೆ ಐದನೆಯದು ಬರುತ್ತದಲ್ಲ ಎಂದು ಅದನ್ನೂ ಬರೆದರೆ 'ಮೆಂಬರ್ ಕೌಂಟ್ ಈಸ್ ಅನ್‌ಈಕ್ವಲ್' ಎಂದು ನಿಂತುಬಿಡುತ್ತದೆ.

ತಪ್ಪು ಕಾನ್ಫಿಗ್‌ನಲ್ಲಿ ಒಮ್ಮೆ ಶುರುವಾಗಿಬಿಟ್ಟರೆ, ಕಾನ್ಫಿಗ್ ತಿದ್ದಿ ಸುಮ್ನೆ ರೀಸ್ಟಾರ್ಟ್ ಮಾಡಿದರೆ ಸಾಲದು. ಈ ಇನಿಶಿಯಲ್ ಫ್ಲ್ಯಾಗ್‌ಗಳನ್ನು ಎಟ್‌ಸಿಡಿ ಮೊದಲ ಸಲ ಮಾತ್ರ ಓದುತ್ತದೆ. ನಿಲ್ಲಿಸಿ, ಹೊಸ ಯಂತ್ರದ ಡೇಟಾ ಡೈರೆಕ್ಟರಿ ಖಾಲಿ ಮಾಡಿ, ಮತ್ತೆ ಶುರು ಮಾಡಿ. ಡಿಲೀಟ್ ಒತ್ತುವ ಮುಂಚೆ ಹೋಸ್ಟ್‌ನೇಮ್ ನೋಡಿ. ಯಾವ ಟರ್ಮಿನಲ್ ಟ್ಯಾಬ್‌ನಲ್ಲಿದ್ದೀರಿ ಎಂಬುದು ಮಧ್ಯರಾತ್ರಿ ಮರೆಯುತ್ತದೆ. ಅದೇ ಮಾತಿಗೆ ಸೇರಿಸಿ ಹೇಳುವುದಾದರೆ, ಬೆಂಗಳೂರಿನ ಮಧ್ಯರಾತ್ರಿ ಟ್ರಾಫಿಕ್ ಕಡಿಮೆ ಎಂಬ ಲೆಕ್ಕ ಅಮೆರಿಕದ ಗ್ರಾಹಕರಿದ್ದಾಗ ಉಲ್ಟಾ ಹೊಡೆಯುತ್ತದೆ. ಗ್ರಾಫ್ ನೋಡಿ ಸಮಯ ಆರಿಸಿ, ಗಡಿಯಾರ ನೋಡಿ ಅಲ್ಲ.

ಹಂತ 6: ಸರಿಸಮ ಬರುವವರೆಗೆ ಕಾಯಿರಿ

ಹೊಸ ನೋಡ್ ಖಾಲಿ ಕೈಯಲ್ಲಿ ಬರುತ್ತದೆ. ಲೀಡರ್ ಬಳಿ ಇತ್ತೀಚಿನ ಲಾಗ್ ಮಾತ್ರ ಇರುವುದರಿಂದ ಮೊದಲು ಇಡೀ ಡಿಬಿಯ ಸ್ನ್ಯಾಪ್‌ಶಾಟ್ ಕಳಿಸುತ್ತದೆ, ಆಮೇಲೆ ಉಳಿದ ಲಾಗ್. ಕೆಲವು ಜಿಬಿ ಡೇಟಾ ಒಂದೇ ಸಮ ಹರಿಯುವಾಗ ಲೀಡರ್‌ನ ನೆಟ್‌ವರ್ಕ್ ತುಂಬಿ ಹಾರ್ಟ್‌ಬೀಟ್ ತಡವಾಗಬಹುದು. ಹಾರ್ಟ್‌ಬೀಟ್ ತಡವಾದರೆ ಉಳಿದವು ಲೀಡರ್ ಸತ್ತಿತು ಎಂದುಕೊಂಡು ಎಲೆಕ್ಷನ್ ಕರೆಯುತ್ತವೆ. ಈ ಹೊತ್ತಿನಲ್ಲಿ ಲೀಡರ್ ಬದಲಾವಣೆಯ ಮೆಟ್ರಿಕ್ ಮೇಲೆ ಕಣ್ಣಿಡಿ. ಲರ್ನರ್‌ಗೆ ಮತವಿಲ್ಲದ್ದರಿಂದ ಎಲೆಕ್ಷನ್ ಆದರೂ ಅದು ಹಳೆಯ ಮೂರರ ನಡುವೆಯೇ ಮುಗಿಯುತ್ತದೆ. ತೀರಾ ತೊಂದರೆ ಕೊಟ್ಟರೆ ಹೊಸ ನೋಡ್ ನಿಲ್ಲಿಸಿಬಿಡಿ, ಯಾರಿಗೂ ನಷ್ಟವಿಲ್ಲ.

ಎಂಡ್‌ಪಾಯಿಂಟ್ ಸ್ಟೇಟಸ್‌ನಲ್ಲಿ ಹೊಸ ನೋಡ್‌ನ 'ಈಸ್ ಲರ್ನರ್' ಕಾಲಂ ಟ್ರೂ ಎಂದು ತೋರಿಸುತ್ತದೆ. ಅದರ ರಾಫ್ಟ್ ಅಪ್ಲೈಡ್ ಇಂಡೆಕ್ಸ್ (ಲಾಗ್‌ನ ಎಷ್ಟನೆಯ ಎಂಟ್ರಿಯವರೆಗೆ ಬಂದಿದೆ ಎಂಬ ಸಂಖ್ಯೆ) ಅನ್ನು ಲೀಡರ್‌ನ ರಾಫ್ಟ್ ಇಂಡೆಕ್ಸ್ ಜೊತೆ ಹೋಲಿಸಿ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ಲರ್ನರ್ ಹಿಂದೆ ಬಿದ್ದಿದ್ದರೆ ಎಟ್‌ಸಿಡಿಯೇ ಬಡ್ತಿ (ಲರ್ನರ್‌ನನ್ನು ಮತದಾರನಾಗಿ ಮಾಡುವುದು) ನಿರಾಕರಿಸುತ್ತದೆ, ನಿಜ. ಆದರೆ ಅದರ ಅಳತೆ ಲೀಡರ್‌ನ ಇಂಡೆಕ್ಸ್‌ನ ಶೇ. 90. ಹಳೆಯ ಕ್ಲಸ್ಟರ್‌ನಲ್ಲಿ ಇಂಡೆಕ್ಸ್ ಒಂದು ಕೋಟಿ ತಲುಪಿದ್ದರೆ, ಹತ್ತು ಲಕ್ಷ ಎಂಟ್ರಿ ಹಿಂದಿರುವ ಲರ್ನರ್ ಕೂಡ ಈ ಲೆಕ್ಕದಲ್ಲಿ ಪಾಸ್! ಆ ಬಾಗಿಲು ತೀರಾ ಹೊಸಬರನ್ನು ತಡೆಯುತ್ತದೆ, ಅಷ್ಟೇ. ನೀವು ನೋಡಬೇಕಾದದ್ದು ಶೇಕಡಾವಾರು ಅಲ್ಲ, ವ್ಯತ್ಯಾಸ. ಎರಡು ಇಂಡೆಕ್ಸ್‌ಗಳ ಅಂತರ ಕೆಲವು ಎಂಟ್ರಿಗಳಿಗೆ ಇಳಿದು, ಮಾಮೂಲಿ ಲೋಡ್‌ನಲ್ಲಿ ಹತ್ತು ಹದಿನೈದು ನಿಮಿಷ ಹಾಗೇ ನಿಂತರೆ ಮುಂದೆ ಹೋಗಿ. ಅಂತರ ಏರಿ ಇಳಿದು ಮಾಡುತ್ತಿದ್ದರೆ ಹೊಸ ಯಂತ್ರದ ಡಿಸ್ಕ್ ಅಥವಾ ನೆಟ್‌ವರ್ಕ್ ಸಾಲುತ್ತಿಲ್ಲ.

ಕಾಯುವ ಹೊತ್ತಿನಲ್ಲಿ ಹೊಸದನ್ನು ಲೋಡ್ ಬ್ಯಾಲೆನ್ಸರ್‌ಗೆ ಸೇರಿಸಬೇಡಿ. ಲರ್ನರ್ ಬರಹ ಸ್ವೀಕರಿಸುವುದಿಲ್ಲ, ಲೀಡರ್ ಒಪ್ಪಿಗೆ ಬೇಕಾದ ಓದನ್ನೂ ಕೊಡುವುದಿಲ್ಲ. ಅಲ್ಲಿಗೆ ಹೋದ ಕ್ಲೈಂಟ್‌ಗೆ ಎರರ್ ಸಿಗುತ್ತದೆ.

ಹಂತ 7: ಬಡ್ತಿ ಕೊಡಿ

'ಎಟ್‌ಸಿಡಿಸಿಟಿಎಲ್ ಮೆಂಬರ್ ಪ್ರಮೋಟ್' ಜೊತೆಗೆ ಐಡಿ. ಇಷ್ಟೇ. ಕೋರಂ 2ರಿಂದ 3ಕ್ಕೆ ಏರುವುದು ಈಗ. ಆದರೆ ಈಗ ಏರುವ ತಲೆ ಡೇಟಾ ಹೊತ್ತು, ಓಡುತ್ತಾ, ತಯಾರಾಗಿ ನಿಂತಿದೆ. ಹೆಲ್ತ್, ಸ್ಟೇಟಸ್, ಮೆಂಬರ್ ಲಿಸ್ಟ್ ಮೂರನ್ನೂ ಮತ್ತೆ ನೋಡಿ.

3.5ರಲ್ಲಿ ಲರ್ನರ್ ಬಳಸಿ, ಮುಂದೆ 3.6ಕ್ಕೆ ಹೋಗುವ ಯೋಚನೆ ಇದ್ದವರಿಗೆ ಒಂದು ಎಚ್ಚರಿಕೆ. 3.5ರ ಹಳೆಯ ಪ್ಯಾಚ್‌ಗಳಲ್ಲಿ ಬಡ್ತಿಯ ಸುದ್ದಿ ಒಳಗಿನ ಎರಡು ದಾಖಲೆಗಳಲ್ಲಿ ಒಂದಕ್ಕೆ ಸರಿಯಾಗಿ ಇಳಿಯದ ದೋಷವಿತ್ತು. 3.6 ಆ ದಾಖಲೆಯನ್ನೇ ಓದುವುದರಿಂದ, ಎಂದೋ ಮತದಾರನಾದವನು ಅಲ್ಲಿ ಮತ್ತೆ ಲರ್ನರ್ ಆಗಿ ಕಾಣಿಸುತ್ತಾನೆ, ಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ. ಮೊದಲು 3.5ರದ್ದೇ ಇತ್ತೀಚಿನ ಪ್ಯಾಚ್‌ಗೆ ಏರಿ, ಆಮೇಲೆ 3.6.

ಹಂತ 8: ಐದನೆಯದು, ಮತ್ತು ಮರೆಯುವ ಕೆಲಸಗಳು

ಹಂತ 3ರಿಂದ 7ರವರೆಗೆ ಇನ್ನೊಮ್ಮೆ. ಈ ಸಲ ಇನಿಶಿಯಲ್ ಕ್ಲಸ್ಟರ್ ಪಟ್ಟಿಯಲ್ಲಿ ಐದು ಹೆಸರು. ಡೀಫಾಲ್ಟ್ ಆಗಿ ಒಂದು ಸಲಕ್ಕೆ ಒಬ್ಬನೇ ಲರ್ನರ್ ಇರಬಹುದು, ಆದ್ದರಿಂದ ಮೊದಲನೆಯದಕ್ಕೆ ಬಡ್ತಿ ಸಿಗದೆ ಎರಡನೆಯದು ಸೇರುವುದೇ ಇಲ್ಲ. ಆ ಮಿತಿ ಏರಿಸುವ ಫ್ಲ್ಯಾಗ್ ಇದೆ. ಎರಡು ಸ್ನ್ಯಾಪ್‌ಶಾಟ್ ಒಟ್ಟಿಗೆ ಕಳಿಸುವ ಹೊರೆಯನ್ನು ಲೀಡರ್ ಮೇಲೆ ಹಾಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ನಾಲ್ಕರಲ್ಲಿ ಜಾಸ್ತಿ ದಿನ ನಿಲ್ಲಬೇಡಿ. ಹಾಗೆಂದು ಅವಸರವೂ ಬೇಡ. ನಾಲ್ಕನೆಯದು ಒಂದು ದಿನದ ಪೀಕ್ ಲೋಡ್ ನೋಡಿದ ಮೇಲೆ ಐದನೆಯದಕ್ಕೆ ಕೈ ಹಾಕುವುದು ನನಗೆ ಒಪ್ಪಿಗೆ.

ಐದೂ ಸೇರಿದ ಮೇಲೆ ಕ್ಲೈಂಟ್‌ಗಳ ಎಂಡ್‌ಪಾಯಿಂಟ್ ಪಟ್ಟಿ ಬದಲಿಸಿ. ಕ್ಯೂಬರ್ನೆಟಿಸ್ ಆದರೆ ಎಪಿಐ ಸರ್ವರ್‌ನ 'ಎಟ್‌ಸಿಡಿ ಸರ್ವರ್ಸ್' ಫ್ಲ್ಯಾಗ್. ಇದನ್ನು ಬಿಟ್ಟರೆ ಎಲ್ಲ ಕ್ಲೈಂಟ್‌ಗಳೂ ಹಳೆಯ ಮೂರಕ್ಕೇ ಅಂಟಿಕೊಂಡಿರುತ್ತವೆ. ಆ ಮೂರೂ ಕೈಗೆ ಸಿಗದ ದಿನ ಹೊಸ ಎರಡು ಇದ್ದದ್ದೇ ಅವಕ್ಕೆ ಗೊತ್ತಿರುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್, ಮಾನಿಟರಿಂಗ್ ಟಾರ್ಗೆಟ್, ಸರ್ಟಿಫಿಕೇಟ್ ನವೀಕರಣದ ಪಟ್ಟಿ, ಇವುಗಳಿಗೂ ಹೊಸ ಹೆಸರುಗಳು ಹೋಗಲಿ.

ಕ್ಯೂಬರ್ನೆಟಿಸ್ ಕಟ್ಟುವ ಟೂಲ್ ಕ್ಯೂಬ್‌ಅಡ್ಮಿನ್‌ನಿಂದ ಕಂಟ್ರೋಲ್ ಪ್ಲೇನ್ (ಕ್ಯೂಬರ್ನೆಟಿಸ್ ನಡೆಸುವ ಮುಖ್ಯ ನೋಡ್) ಸೇರಿಸುವವರಿಗೆ ಇದರಲ್ಲಿ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಕ್ಯೂಬರ್ನೆಟಿಸ್ 1.29ರಿಂದ ಅದು ಡೀಫಾಲ್ಟ್ ಆಗಿಯೇ ಲರ್ನರ್ ದಾರಿ ಹಿಡಿಯುತ್ತದೆ. ಆದರೂ ಹಂತ 1, 2 ನಿಮ್ಮ ಪಾಲಿಗೇ ಇವೆ.

ಮಧ್ಯೆ ಕೆಟ್ಟರೆ

ಬಡ್ತಿಗೆ ಮುಂಚೆ ಕೆಟ್ಟರೆ ಸುಲಭ. 'ಮೆಂಬರ್ ರಿಮೂವ್' ಕೊಟ್ಟು, ಹೊಸ ಯಂತ್ರದ ಡೇಟಾ ಅಳಿಸಿ, ಮೊದಲಿನಿಂದ ಶುರು ಮಾಡಿ. ಬಡ್ತಿಯ ಮೇಲೆ ಹೊಸದು ಸತ್ತರೂ ಉಳಿದ ಮೂರು ಗಟ್ಟಿಯಾಗಿದ್ದರೆ ಕೋರಂ ಇರುತ್ತದೆ. ಇನ್ನೊಂದು ನಷ್ಟ ತಾಳುವ ಅವಕಾಶ ಉಳಿದಿಲ್ಲ ಅಷ್ಟೇ. ಬೇರೆ ಏನನ್ನೂ ರೀಸ್ಟಾರ್ಟ್ ಮಾಡದೆ ಅದನ್ನು ಮೊದಲು ತೆಗೆಯಿರಿ.

ಕೋರಂ ಪೂರ್ತಿ ಹೋದರೆ, ಸತ್ತ ನೋಡ್‌ಗಳಲ್ಲಿ ಒಂದನ್ನಾದರೂ ಅದರ ಡೇಟಾ ಸಮೇತ ಎಬ್ಬಿಸುವ ಪ್ರಯತ್ನ ಮೊದಲು. ಅದಾಗದಿದ್ದರೆ ಸ್ನ್ಯಾಪ್‌ಶಾಟ್‌ನಿಂದ ರಿಸ್ಟೋರ್, ಅಥವಾ ಬದುಕಿರುವ ಒಂದು ನೋಡ್‌ನಲ್ಲಿ 'ಫೋರ್ಸ್ ನ್ಯೂ ಕ್ಲಸ್ಟರ್'. ಈ ಕೊನೆಯ ಫ್ಲ್ಯಾಗ್ ಉಳಿದ ಸದಸ್ಯರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕುತ್ತದೆ. ಅದನ್ನು ಬಳಸುವ ಮುಂಚೆ ಉಳಿದವೆಲ್ಲ ನಿಜಕ್ಕೂ ನಿಂತಿವೆ ಎಂದು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಡೇಟಾದಿಂದ ಹುಟ್ಟಿದ ಎರಡು ಕ್ಲಸ್ಟರ್‌ಗಳು ಅಕ್ಕಪಕ್ಕ ಓಡುತ್ತವೆ.

ಸೇರಿಸುವುದಲ್ಲ, ಸತ್ತದ್ದನ್ನು ಬದಲಿಸುವುದಾದರೆ

ಇಲ್ಲಿ ಕ್ರಮ ತಿರುಗುತ್ತದೆ. ಮೂರರಲ್ಲಿ ಒಂದು ಮತ್ತೆ ಏಳದ ಹಾಗೆ ಸತ್ತಿದೆ ಎಂದುಕೊಳ್ಳಿ. ಹೊಸದು ಬಂದ ಮೇಲೆ ಹಳೆಯದನ್ನು ತೆಗೆಯೋಣ ಎಂದು ಮನಸ್ಸು ಹೇಳುತ್ತದೆ. ಅದು ತಪ್ಪು. ಮೊದಲು ಸೇರಿಸಿದರೆ ಪಟ್ಟಿ 4, ಕೋರಂ 3, ಬದುಕಿರುವುದು 2. ಮೊದಲು ತೆಗೆದರೆ ಪಟ್ಟಿ 2, ಕೋರಂ 2, ಬದುಕಿರುವುದು 2. ಆಮೇಲೆ ಲರ್ನರ್ ಸೇರಿಸಿ, ಸರಿಸಮ ಬಂದ ಮೇಲೆ ಬಡ್ತಿ ಕೊಟ್ಟರೆ ಪಟ್ಟಿ 3, ಕೋರಂ 2.

ಯಂತ್ರ ಬದುಕಿದ್ದು ಡಿಸ್ಕ್ ಮಾತ್ರ ಹೋಗಿದ್ದರೂ ಇದೇ ದಾರಿ. ಹೊಸ ಡಿಸ್ಕ್ ಹಾಕಿ ಹಳೆಯ ಗುರುತಿನಲ್ಲೇ ಎಬ್ಬಿಸಬೇಡಿ. ತಾನು ಯಾರಿಗೆ ಮತ ಹಾಕಿದ್ದೆ, ಯಾವ ಎಂಟ್ರಿ ಬರೆದುಕೊಂಡಿದ್ದೆ ಎಂಬುದನ್ನು ಆ ನೋಡ್ ಮರೆತಿರುತ್ತದೆ. ಲೀಡರ್ ಮಾತ್ರ ಅದು ಬರೆದುಕೊಂಡಿದೆ ಎಂದೇ ಲೆಕ್ಕ ಹಿಡಿದಿರುತ್ತದೆ. ತೆಗೆಯಿರಿ, ಹೊಸ ಐಡಿಯಲ್ಲಿ ಸೇರಿಸಿ. ತೆಗೆದ ಯಂತ್ರದಲ್ಲಿ ಎಟ್‌ಸಿಡಿಯನ್ನು ತಾನಾಗಿ ಶುರು ಮಾಡುವ ಸಿಸ್ಟಮ್‌ಡಿ ಯೂನಿಟ್ ಅನ್ನು ಡಿಸೇಬಲ್ ಮಾಡಿ, ಅದರ ಪೀರ್ ಸರ್ಟಿಫಿಕೇಟ್ ಅಳಿಸಿ.